‘ಟ್ಯಾಂಕ್’ ಶಬ್ದದ ಅರ್ಥವಿವೇಚನೆ: ಕೆರೆ, ಕಟ್ಟೆ, ಕೊಳ, ಕುಂಟೆಗಳ ಅನುವಾದದ ಪ್ರಶ್ನೆ

ಕನ್ನಡ ನಾಡಿನ ಶಾಸನಗಳನ್ನು ಇಂಗ್ಲಿಷ್ ಅನುವಾದದ ನೆರವಿನಿಂದ ಓದುವವರಿಗೆ ಪದೇ ಪದೇ ಎದುರಾಗುವ ನಾಮಪದಗಳಲ್ಲಿ ‘ಟ್ಯಾಂಕ್’ ಒಂದು. ಮೂಲದಲ್ಲಿ ಕೆಱೆ ಎಂದಿರಲಿ, ಕಟ್ಟೆ ಎಂದಿರಲಿ, ಕೊಳ, ಕುಂಟೆ, ತಟಾಕ, ಪುಷ್ಕರಿಣಿ ಎಂದಿರಲಿ, ಅನುವಾದದಲ್ಲಿ ಬಹುಮಟ್ಟಿಗೆ ಕಾಣುವುದು ಈ ಒಂದೇ ಶಬ್ದ. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಗಳನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುವವರೂ ಇದೇ ರೂಢಿಯನ್ನು ಅನುಸರಿಸುವುದುಂಟು. ಮುಂದೆ ಆ ಅನುವಾದವನ್ನೇ ಆಧಾರವಾಗಿಟ್ಟುಕೊಂಡು ಕನ್ನಡದಲ್ಲಿ ಬರೆಯುವವರು ‘ಟ್ಯಾಂಕ್’ ಎಂದಿರುವ ಕಡೆಯಲ್ಲೆಲ್ಲ ‘ಕೆರೆ’ ಎಂದು ಬರೆದುಬಿಡುವ ಸಂಭವವಿದೆ. ಹೀಗೆ ಎರಡು ಸಲ ಭಾಷೆ ಬದಲಾಗುವಷ್ಟರಲ್ಲಿ ಮೂಲದ ಕೊಳವು ಕೆರೆಯಾಗುತ್ತದೆ, ಕುಂಟೆಯು ಕಾಣೆಯಾಗುತ್ತದೆ.

ಈ ಶಬ್ದಗಳು ಒಂದಕ್ಕೊಂದು ಪರ್ಯಾಯಗಳಲ್ಲ. ನೀರು ಎಲ್ಲಿ ನಿಂತಿತು, ಹೇಗೆ ನಿಂತಿತು, ಅದನ್ನು ನಿಲ್ಲಿಸಲು ಮನುಷ್ಯನು ಏನು ಮಾಡಿದನು ಎಂಬುದನ್ನು ಒಂದೊಂದು ಶಬ್ದವೂ ಬೇರೆ ಬೇರೆಯಾಗಿ ತಿಳಿಸುತ್ತದೆ. ಈ ಭೇದವನ್ನು ಉಳಿಸಿಕೊಳ್ಳದಿದ್ದರೆ ಗ್ರಂಥದ ಅರ್ಥಕ್ಕೂ ನೆಲದ ಇತಿಹಾಸಕ್ಕೂ ಹಾನಿಯಾಗುತ್ತದೆ. ಬೆಂಗಳೂರಿನ ಪೀಣ್ಯ ಪರಿಸರದ ಬಾಗಲಗುಂಟೆ ಎಂಬ ಊರ ಹೆಸರು, ಶ್ರವಣಬೆಳಗೊಳದ ಜಲಾಶಯಗಳು, ಶ್ರಾವಕಾಚಾರ ಗ್ರಂಥಗಳಲ್ಲಿ ಬರುವ ಒಂದು ಪಾರಿಭಾಷಿಕ ಪದ, ಈ ಮೂರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದದ ಹುಟ್ಟು ಮತ್ತು ಅರ್ಥವಿಸ್ತಾರ

‘ಟ್ಯಾಂಕ್’ ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಹದಿನೇಳನೆಯ ಶತಮಾನದಲ್ಲಿ ಪಶ್ಚಿಮ ಭಾರತಕ್ಕೆ ಬಂದ ಇಂಗ್ಲಿಷರ ಬರೆಹಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಗುಜರಾತಿಯ ‘ಟಾಂಕು’, ಮರಾಠಿಯ ‘ಟಾಕೆ’ ಎಂಬ ಶಬ್ದಗಳು ಇದಕ್ಕೆ ಮೂಲವೆಂದು ನಿಘಂಟುಕಾರರು ಹೇಳುತ್ತಾರೆ. ಪೋರ್ಚುಗೀಸರ ‘ತಾಂಕೆ’ ಎಂಬ ಶಬ್ದವೂ ಇದಕ್ಕೆ ಬಲ ಕೊಟ್ಟಿದೆ. ಆ ಪೋರ್ಚುಗೀಸ್ ಶಬ್ದಕ್ಕೆ ನಿಂತ ನೀರು ಎಂಬರ್ಥದ ಲ್ಯಾಟಿನ್ ಧಾತು ಮೂಲ. ಹೀಗೆ ಉಚ್ಚಾರದಲ್ಲಿ ಸಮೀಪವಾಗಿದ್ದ ಎರಡು ದೇಶಗಳ ಶಬ್ದಗಳು ಒಂದರ ಮೇಲೊಂದು ಬಿದ್ದು ಇಂಗ್ಲಿಷಿನಲ್ಲಿ ನೆಲೆ ನಿಂತವು. ಯೂಲ್ ಮತ್ತು ಬರ್ನೆಲ್ ಅವರು ೧೮೮೬ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶದಲ್ಲಿ ಈ ವಿಚಾರದ ಚರ್ಚೆಯಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುಜರಾತಿನ ‘ಟಾಂಕು’ ಕೆರೆಯಲ್ಲ. ಅದು ಮನೆಯ ಅಂಗಳದ ಅಡಿಯಲ್ಲಿ ಗಾರೆಯಿಂದ ಕಟ್ಟಿದ ತೊಟ್ಟಿ. ಅಹಮದಾಬಾದಿನ ಹಳೆಯ ಕೇರಿಗಳ ಮನೆಗಳಲ್ಲಿ ಮಳೆನೀರನ್ನು ಹಿಡಿದಿಡುವ ಇಂತಹ ನೆಲತೊಟ್ಟಿಗಳು ಇಂದಿಗೂ ಕಾಣಸಿಗುತ್ತವೆ. ಆ ಮನೆತೊಟ್ಟಿಯ ಹೆಸರನ್ನೇ ಇಂಗ್ಲಿಷರು ದಕ್ಷಿಣದ ವಿಶಾಲವಾದ ಕೆರೆಗಳಿಗೆ ಹಚ್ಚಿದರು. ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ನೂರಾರು ಎಕರೆ ಗದ್ದೆಗೆ ನೀರುಣಿಸುವ ಜಲಾಶಯಕ್ಕೆ ಸರಿದೂಗುವ ವಸ್ತು ಅವರ ದೇಶದಲ್ಲಿ ಇರಲಿಲ್ಲ. ಆದ್ದರಿಂದ ಅದಕ್ಕೆ ತಕ್ಕ ಶಬ್ದವೂ ಇರಲಿಲ್ಲ. ಮೈಸೂರು ಸಂಸ್ಥಾನದ ಕಂದಾಯ ಹಾಗೂ ನೀರಾವರಿ ಇಲಾಖೆಗಳ ಬರೆಹಗಳಲ್ಲಿ ಈ ಹೆಸರು ಸ್ಥಿರಗೊಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಶಬ್ದದ ಅರ್ಥ ಇನ್ನೂ ಹರಡಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಗುಟ್ಟಾಗಿ ತಯಾರಿಸಿದ ಉಕ್ಕಿನ ಯುದ್ಧವಾಹನವನ್ನು ನೀರಿನ ತೊಟ್ಟಿಯೆಂದು ಹೇಳಿ ಮರೆಮಾಡಿದರು; ೧೯೧೬ರ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ರಣರಂಗದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಅಂದಿನಿಂದ ಆ ವಾಹನಕ್ಕೂ ‘ಟ್ಯಾಂಕ್’ ಎಂಬುದೇ ಹೆಸರು. ಕನ್ನಡದ ಆಡುಮಾತಿನಲ್ಲಿ ಇಂದು ‘ಟ್ಯಾಂಕು’ ಎಂದರೆ ಮಾಳಿಗೆಯ ಮೇಲಿನ ನೀರಿನ ತೊಟ್ಟಿ, ವಾಹನದ ಎಣ್ಣೆಯ ಡಬ್ಬ, ಇಲ್ಲವೆ ಸೇನೆಯ ವಾಹನ. ಕೆರೆಯನ್ನು ‘ಟ್ಯಾಂಕು’ ಎಂದು ಕರೆಯುವ ಕನ್ನಡಿಗನಿಲ್ಲ. ಬೆಂಗಳೂರಿನ ‘ಟ್ಯಾಂಕ್ ಬಂಡ್ ರಸ್ತೆ’ಯಂತಹ ಹೆಸರುಗಳಲ್ಲಿ ಮಾತ್ರ ಹಳೆಯ ಅರ್ಥ ಉಳಿದುಬಂದಿದೆ. ಆ ರಸ್ತೆಯ ಬಳಿಯಲ್ಲಿದ್ದ ಧರ್ಮಾಂಬುಧಿ ಕೆರೆಯ ಅಂಗಳವು ಈಗ ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಅಂದಮೇಲೆ ಹಳೆಯ ಅನುವಾದಗಳಲ್ಲಿ ‘ಟ್ಯಾಂಕ್’ ಎಂಬುದನ್ನು ಓದುವ ಇಂದಿನ ವಿದ್ಯಾರ್ಥಿಯ ಮನಸ್ಸಿಗೆ ಯಾವ ಆಕಾರ ಬರಬಹುದೆಂಬುದು ವಿಚಾರಣೀಯ.

೨. ಕನ್ನಡ ಶಬ್ದಗಳ ವಿಷಯವಿಭಾಗ

ಕೆರೆ: ಹಳಗನ್ನಡದಲ್ಲಿ ಇದು ಶಕಟರೇಫಯುಕ್ತವಾದ ‘ಕೆಱೆ’. ಹರಿದುಬರುವ ನೀರಿಗೆ ಅಡ್ಡಲಾಗಿ ಏರಿಯನ್ನು ಹಾಕಿ ನಿಲ್ಲಿಸಿದ ಜಲಾಶಯವಿದು. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಇವು ಇದರ ಅಂಗಗಳು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಮೊದಲಾದ ದತ್ತಿಯ ಪಾರಿಭಾಷಿಕ ಪದಗಳು ಕೆರೆಯ ನಿರ್ಮಾಣ ಮತ್ತು ರಕ್ಷಣೆಗೆ ಸಂಬಂಧಪಟ್ಟವು.

ಕಟ್ಟೆ: ‘ಕಟ್ಟು’ ಧಾತುವಿನಿಂದ ಬಂದ ಶಬ್ದ. ಕೆರೆಗಿಂತ ಕಿರಿದಾದ ಒಡ್ಡು ಮತ್ತು ಅದರಲ್ಲಿ ನಿಂತ ನೀರು ಎರಡಕ್ಕೂ ಇದು ಸಲ್ಲುತ್ತದೆ. ಅರಳಿಕಟ್ಟೆ ಎಂಬಲ್ಲಿ ನೀರಿನ ಸಂಬಂಧವೇ ಇಲ್ಲವೆಂಬುದನ್ನೂ ನೆನೆಯಬೇಕು.

ಕೊಳ: ನೆಲ ತಗ್ಗಾಗಿ ನೀರು ನಿಂತದ್ದು, ಇಲ್ಲವೆ ತೋಡಿ ಸೋಪಾನ ಕಟ್ಟಿದ್ದು. ದೇವಾಲಯ, ಬಸದಿಗಳ ಸಮೀಪದ ಕಲ್ಲುಕಟ್ಟಡದ ಕೊಳಕ್ಕೆ ಕಲ್ಯಾಣಿ, ಪುಷ್ಕರಿಣಿ ಎಂಬ ಹೆಸರುಗಳಿವೆ.

ದೊಣೆ: ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಸ್ಥಳ.

ಕುಂಟೆ: ಹೊಲದ ಅಂಚಿನಲ್ಲೋ ಊರ ಮುಂದೆಯೋ ಇರುವ ತಗ್ಗು. ದೊಡ್ಡ ಏರಿಯಾಗಲಿ ಅಚ್ಚುಕಟ್ಟಾಗಲಿ ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವುದುಂಟು. ದನಗಳಿಗೆ ಕುಡಿಯಲು, ಬಟ್ಟೆ ಒಗೆಯಲು, ಸುತ್ತಲಿನ ಬಾವಿಗಳ ಒರತೆ ನಿಲ್ಲಲು ಇದು ಆಧಾರ.

ಈ ಭೇದಕ್ಕೆ ಕ್ರಿಯಾಪದಗಳೂ ಸಾಕ್ಷಿಯಾಗಿವೆ. ಕೆರೆಯನ್ನು ‘ಕಟ್ಟಿಸು’ವುದು, ಕುಂಟೆಯನ್ನು ‘ತೋಡಿಸು’ವುದು ಸಾಮಾನ್ಯ ಪ್ರಯೋಗ. ಕೆರೆಯ ಮುಖ್ಯ ಕೆಲಸ ಒಡ್ಡಿನದು, ಕುಂಟೆಯ ಮುಖ್ಯ ಕೆಲಸ ಅಗೆತದ್ದು. ಈ ನಿಯಮಕ್ಕೆ ಅಪವಾದಗಳಿಲ್ಲವೆಂದಲ್ಲ. ಆದರೆ ಹಸ್ತಪ್ರತಿಯಲ್ಲಿ ನಾಮಪದವು ನಶಿಸಿ ಕ್ರಿಯಾಪದ ಉಳಿದಿರುವಾಗ ಪಾಠವನ್ನು ಊಹಿಸಲು ಇದು ನೆರವಾಗುತ್ತದೆ. ಇಂಗ್ಲಿಷಿನಲ್ಲಿ ‘ಟ್ಯಾಂಕ್ ಕಟ್ಟಿಸಿದನು’ ಎಂಬ ಒಂದೇ ವಾಕ್ಯ ಎರಡಕ್ಕೂ ಸಲ್ಲುವುದರಿಂದ ಅಲ್ಲಿ ಈ ಸೂಚನೆ ಸಿಗದು.

೩. ಬಾಗಲಗುಂಟೆ ಎಂಬ ಸ್ಥಳನಾಮ

ಬೆಂಗಳೂರಿನ ವಾಯವ್ಯ ಭಾಗದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶ ಮತ್ತು ದಾಸರಹಳ್ಳಿಗಳ ನೆರೆಯಲ್ಲಿ, ಬಾಗಲಗುಂಟೆ ಇದೆ. ದಾಸರಹಳ್ಳಿ ನಗರಸಭೆಯ ಪ್ರದೇಶವು ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೆ ಸೇರಿದಾಗ ಈ ಊರೂ ನಗರದ ಭಾಗವಾಯಿತು. ೨೦೧೦ರ ಪಾಲಿಕೆ ಚುನಾವಣೆಯ ಕಾಲದ ವಾರ್ಡುಗಳ ಪಟ್ಟಿಯಲ್ಲಿ ಇದರ ಹೆಸರು ‘ಬಾಗಲಕುಂಟೆ’ ಎಂದಿದೆ. ಜನರ ಬಳಕೆಯಲ್ಲಿ ‘ಬಾಗಲಗುಂಟೆ’ ಎಂಬುದೇ ಹೆಚ್ಚು. ಎರಡು ರೂಪಗಳಲ್ಲಿ ಒಂದು ಶುದ್ಧ, ಮತ್ತೊಂದು ಅಶುದ್ಧ ಎನ್ನಲು ಕಾರಣವಿಲ್ಲ.

ಉತ್ತರಪದದ ಆದಿಯಲ್ಲಿರುವ ಕ, ತ, ಪಗಳಿಗೆ ಸಮಾಸದಲ್ಲಿ ಗ, ದ, ಬಗಳು ಆದೇಶವಾಗಿ ಬರುವುದು ಕನ್ನಡದ ಪ್ರಸಿದ್ಧ ಲಕ್ಷಣ. ಜನ್ನನ ಸೋದರಳಿಯನೂ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನೂ ಆದ ಕೇಶಿರಾಜನು ಸುಮಾರು ೧೨೬೦ರಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ವಿಧಿಸಿದ್ದಾನೆ. ಮಳೆ+ಕಾಲ ಎಂಬುದು ಮಳೆಗಾಲ ಆಗುವಂತೆ ಕೆರೆಯು ‘ಗೆರೆ’ಯಾಗುತ್ತದೆ, ಕೊಳವು ‘ಗೊಳ’ವಾಗುತ್ತದೆ, ಕುಂಟೆಯು ‘ಗುಂಟೆ’ಯಾಗುತ್ತದೆ. ಬೆಂಗಳೂರಿನ ಸುತ್ತಲೇ ಆದೇಶವಾದ ಮತ್ತು ಆಗದ ರೂಪಗಳೆರಡೂ ಇವೆ. ಗೊಟ್ಟಿಗೆರೆ, ಬಾಗಲಗುಂಟೆಗಳಲ್ಲಿ ಆದೇಶವಿದೆ. ಅರಕೆರೆ, ಕೋಣನಕುಂಟೆ, ಸುಂಕದಕಟ್ಟೆಗಳಲ್ಲಿ ಇಲ್ಲ. ಒಂದೇ ನಗರದ ಸ್ಥಳನಾಮಗಳಲ್ಲಿ ಕೆರೆ, ಕಟ್ಟೆ, ಕುಂಟೆಗಳು ಬೇರೆ ಬೇರೆಯಾಗಿ ಉಳಿದಿರುವುದರಿಂದ, ಹೆಸರಿಟ್ಟ ಜನರಿಗೆ ಈ ಮೂರರ ವ್ಯತ್ಯಾಸ ಸ್ಪಷ್ಟವಾಗಿಯೇ ಇದ್ದಿತೆಂದು ತಿಳಿಯಬೇಕಾಗುತ್ತದೆ.

‘ಗುಂಟೆ’ ಎಂಬ ರೂಪದಿಂದ ಎರಡು ಭ್ರಾಂತಿಗಳು ಹುಟ್ಟಬಹುದು. ಒಂದನೆಯದು ಭೂಮಾಪನದ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ ೩೩ ಅಡಿ ಉದ್ದ, ೩೩ ಅಡಿ ಅಗಲ, ಅಂದರೆ ೧೦೮೯ ಚದರ ಅಡಿ. ನಿವೇಶನಗಳ ವ್ಯವಹಾರದಲ್ಲಿ ಈ ಶಬ್ದವೇ ದಿನನಿತ್ಯ ಕೇಳಿಬರುವುದರಿಂದ, ಊರ ಹೆಸರಿನ ‘ಗುಂಟೆ’ಯೂ ಅಳತೆಯದೆಂದು ಭಾವಿಸುವುದು ಸುಲಭ. ಎರಡನೆಯದು ಬೇಸಾಯದ ಉಪಕರಣವಾದ ಕುಂಟೆ. ಉತ್ತ ನೆಲದ ಮೇಲ್ಮಣ್ಣನ್ನು ಸಡಿಲಿಸಿ ಕಳೆ ತೆಗೆಯಲು ಎತ್ತುಗಳಿಂದ ಎಳೆಸುವ ಸಾಧನವದು. ಸ್ಥಳನಾಮಗಳಲ್ಲಿ ಸಲ್ಲುವುದು ನೀರಿನ ಕುಂಟೆ. ತೆಲುಗಿನಲ್ಲಿಯೂ ‘ಕುಂಟ’, ‘ಗುಂಟ’ ಎಂಬ ರೂಪಗಳು ಕಿರುಜಲಾಶಯದ ಅರ್ಥದಲ್ಲಿಯೇ ಬಳಕೆಯಲ್ಲಿದ್ದು ಅನೇಕ ಊರುಗಳ ಹೆಸರಿನ ಕೊನೆಗೆ ಬರುತ್ತವೆ. ಹಸ್ತಪ್ರತಿಗಳಲ್ಲಿ ಕುಂಟೆಯೆಂಬ ಶಬ್ದ ಸಿಕ್ಕಿದಾಗ ಸಂದರ್ಭವೇ ಪ್ರಮಾಣ. ‘ಹೊಡೆ’ ಎಂಬ ಕ್ರಿಯೆಯಿದ್ದರೆ ಉಪಕರಣ. ‘ತುಂಬು’, ‘ಬತ್ತು’, ‘ತೋಡು’ ಎಂಬುವಿದ್ದರೆ ಜಲಾಶಯ. ಸಂಖ್ಯೆಯೊಡನೆ ನೆಲದ ಮಾತಿದ್ದರೆ ಅಳತೆ.

೪. ಶ್ರವಣಬೆಳಗೊಳದ ನಿದರ್ಶನ

ಈ ಶಬ್ದಭೇದವನ್ನು ಒಂದೇ ಕ್ಷೇತ್ರದಲ್ಲಿ ಕಾಣಬೇಕಾದರೆ ಶ್ರವಣಬೆಳಗೊಳಕ್ಕಿಂತ ಉತ್ತಮವಾದ ಸ್ಥಳವಿಲ್ಲ. ಕ್ಷೇತ್ರದ ಹೆಸರೇ ಜಲವಾಚಿ. ಬೆಳ್+ಕೊಳ ಎಂಬುದು ಬೆಳ್ಗೊಳ. ಬಾಗಲಗುಂಟೆಯಲ್ಲಿ ಕಂಡ ಆದೇಶವೇ ಇಲ್ಲಿಯೂ ಇದೆ. ಶಾಸನಗಳಲ್ಲಿ ಇದಕ್ಕೆ ಧವಲಸರಸ್, ಶ್ವೇತಸರೋವರ ಎಂಬ ಸಂಸ್ಕೃತ ರೂಪಗಳು ಬಂದಿವೆ. ಕೊಳ ಶಬ್ದಕ್ಕೆ ಸರಸ್, ಸರೋವರ ಶಬ್ದಗಳನ್ನು ಆರಿಸಿಕೊಂಡ ಶಾಸನಕವಿಗಳ ವಿವೇಕ ಗಮನಾರ್ಹ.

ಊರ ನಡುವಣ ಕಲ್ಯಾಣಿಯನ್ನು ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ಕಟ್ಟಿಸತೊಡಗಿದರೆಂದೂ ಅವರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಪೂರ್ಣಗೊಂಡಿತೆಂದೂ ಅನಂತಕವಿಯ ‘ಗೊಮ್ಮಟೇಶ್ವರ ಚರಿತೆ’ಯಿಂದ ತಿಳಿದುಬರುತ್ತದೆ. ಊರಲ್ಲಿಯೇ ಇರುವ ಜಕ್ಕಿಕಟ್ಟೆಯು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆಯೂ ಶುಭಚಂದ್ರಸಿದ್ಧಾಂತದೇವರ ಶಿಷ್ಯೆಯೂ ಆದ ಜಕ್ಕಿಮವ್ವೆಯ ಕಾರ್ಯ; ಇದು ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ಇದಲ್ಲದೆ ಹದಿನೇಳನೆಯ ಶತಮಾನದ ಚೆನ್ನಣ್ಣನ ಕೊಳವಿದೆ. ಚಿಕ್ಕಬೆಟ್ಟದ ಮೇಲೆ ಕಂಚಿನದೊಣೆ ಮತ್ತು ಲಕ್ಕಿದೊಣೆಗಳಿವೆ. ಲಕ್ಕಿದೊಣೆಯ ಬಳಿಯ ಬಂಡೆಯಲ್ಲಿ ಯಾತ್ರಿಕರ ಹೆಸರುಗಳನ್ನು ಹೇಳುವ ಚಿಕ್ಕ ಚಿಕ್ಕ ಶಾಸನಗಳು ಹಲವಾರು ಇವೆ.

ಹೀಗೆ ಕೊಳ, ಕಲ್ಯಾಣಿ, ಕಟ್ಟೆ, ದೊಣೆ ಎಂಬ ನಾಲ್ಕು ಹೆಸರುಗಳು ಒಂದೇ ಕ್ಷೇತ್ರದಲ್ಲಿವೆ. ಇವೆಲ್ಲಕ್ಕೂ ‘ಟ್ಯಾಂಕ್’ ಎಂದರೆ ಬಂಡೆಯ ಮೇಲೆ ನಿಂತ ಮಳೆನೀರಿಗೂ ಅರಸರು ಕಟ್ಟಿಸಿದ ಸೋಪಾನಸಹಿತವಾದ ಕಲ್ಯಾಣಿಗೂ ಅಂತರವೇ ಉಳಿಯದು. ದೊಣೆಯ ನೀರು ಬೆಟ್ಟದ ಮೇಲೆ ಸಲ್ಲೇಖನ ವ್ರತದಲ್ಲಿದ್ದ ತ್ಯಾಗಿಗಳ ಮತ್ತು ಅವರ ಸೇವೆಗೆ ನಿಂತವರ ಬದುಕಿನ ಪರಿಸರವನ್ನು ಸೂಚಿಸುತ್ತದೆ. ಕಟ್ಟೆಯು ಒಬ್ಬ ಶ್ರಾವಿಕೆಯ ದಾನಬುದ್ಧಿಯನ್ನು ಸೂಚಿಸುತ್ತದೆ. ಕಲ್ಯಾಣಿಯು ರಾಜಾಶ್ರಯವನ್ನು ಸೂಚಿಸುತ್ತದೆ. ಹೆಸರು ಅಳಿಸಿದರೆ ಈ ಮೂರು ಬಗೆಯ ಇತಿಹಾಸವೂ ಮಸುಕಾಗುತ್ತದೆ. ಅದೃಷ್ಟವಶಾತ್ ‘ಎಪಿಗ್ರಾಫಿಯ ಕರ್ನಾಟಿಕ’ದ ಶ್ರವಣಬೆಳಗೊಳ ಸಂಪುಟದಲ್ಲಿ ಮೂಲಪಾಠವೂ ದೊರೆಯುತ್ತದೆ. ಇದನ್ನು ೧೮೮೯ರಲ್ಲಿ ಬಿ. ಎಲ್. ರೈಸ್ ಅವರೂ, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರೂ, ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರೂ ಹೊರತಂದಿದ್ದಾರೆ. ಮೂಲಪಾಠದೊಡನೆ ಹೋಲಿಸದೆ ಅನುವಾದವನ್ನಷ್ಟೇ ಉದ್ಧರಿಸುವುದು ವಿಹಿತವಲ್ಲ.

೫. ಆಗಮ ಮತ್ತು ಶ್ರಾವಕಾಚಾರಗಳಲ್ಲಿ ಜಲಾಶಯಭೇದ

ಜೈನ ಗ್ರಂಥಗಳು ಜಲಾಶಯವಾಚಕಗಳನ್ನು ವಿವೇಚನೆಯಿಂದ ಬಳಸುತ್ತವೆ. ‘ತತ್ತ್ವಾರ್ಥಸೂತ್ರ’ದ ಮೂರನೆಯ ಅಧ್ಯಾಯದಲ್ಲಿ ಕುಲಪರ್ವತಗಳ ಮೇಲಿರುವ ಪದ್ಮ, ಮಹಾಪದ್ಮ, ತಿಗಿಂಛ, ಕೇಸರಿ, ಮಹಾಪುಂಡರೀಕ, ಪುಂಡರೀಕ ಎಂಬ ಆರು ಜಲಾಶಯಗಳಿಗೆ ‘ಹ್ರದ’ ಎಂಬುದೇ ಹೆಸರು. ಅವು ಅಕೃತ್ರಿಮಗಳು, ಯಾರೂ ಕಟ್ಟಿಸಿದವಲ್ಲ. ಕಟ್ಟಡದ ಭಾವವಿರುವ ‘ಟ್ಯಾಂಕ್’ ಶಬ್ದ ಅಲ್ಲಿ ಸರ್ವಥಾ ಸಲ್ಲದು. ಇಂಗ್ಲಿಷಿನ ‘ಲೇಕ್’ ಎಂಬುದೇ ಸಮೀಪ. ತೀರ್ಥಂಕರರ ಜನನಿ ಕಾಣುವ ಹದಿನಾರು ಸ್ವಪ್ನಗಳಲ್ಲಿ ಬರುವ ಪದ್ಮಸರೋವರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕಿಂತ ಮುಖ್ಯವಾದುದು ಶ್ರಾವಕನು ತ್ಯಜಿಸಬೇಕಾದ ಹದಿನೈದು ಕರ್ಮಾದಾನಗಳ, ಎಂದರೆ ಹಿಂಸಾಬಹುಲವಾದ ಜೀವನೋಪಾಯಗಳ, ಪಟ್ಟಿ. ‘ಉಪಾಸಕದಶಾಂಗ’ದಲ್ಲಿ ಆನಂದ ಶ್ರಾವಕನ ಪ್ರಕರಣದಲ್ಲಿ ಇದು ಬರುತ್ತದೆ. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿಯೂ ದಿಗಂಬರ ಪರಂಪರೆಯ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿಯೂ ಈ ಪಟ್ಟಿಯಿದೆ. ಅದರಲ್ಲಿ ಒಂದು ಸರಶ್ಶೋಷ, ಅಂದರೆ ಜಲಾಶಯವನ್ನು ಬತ್ತಿಸುವುದು. ಆಗಮದ ಪಾಠದಲ್ಲಿ ಈ ಪದದೊಳಗೆ ಸರಸ್, ಹ್ರದ, ತಡಾಗ ಎಂಬ ಮೂರು ನಾಮಪದಗಳು ಒಟ್ಟಿಗೆ ಇವೆ. ಇವು ಪುನರುಕ್ತಿಯಲ್ಲವೆಂದು ವ್ಯಾಖ್ಯಾನಪರಂಪರೆ ತಿಳಿಸುತ್ತದೆ. ತಾನಾಗಿಯೇ ಉಂಟಾದದ್ದು ಸರಸ್ಸು. ನದಿ ಮೊದಲಾದವುಗಳ ಆಳವಾದ ಪ್ರದೇಶ ಹ್ರದ. ಅಗೆದು ಮಾಡಿದ್ದು ತಡಾಗ.

ಮೂರನ್ನೂ ಹೇಳಿದ್ದರ ತಾತ್ಪರ್ಯ ಸ್ಪಷ್ಟವಾಗಿದೆ. ನೀರನ್ನು ಬತ್ತಿಸಿದಾಗ ಅಪ್ಕಾಯ ಜೀವಗಳಿಗೂ ಅಲ್ಲಿ ಆಶ್ರಯ ಪಡೆದ ತ್ರಸಜೀವಗಳಿಗೂ ಘಾತವಾಗುತ್ತದೆ. ಜಲಾಶಯವು ಸ್ವಾಭಾವಿಕವೋ ಮನುಷ್ಯಕೃತವೋ, ಹಿರಿದೋ ಕಿರಿದೋ ಎಂಬುದರಿಂದ ಆ ದೋಷ ಇಲ್ಲವಾಗದು. ಈ ಪದವನ್ನು ಇಂಗ್ಲಿಷಿಗೆ ತರುವಾಗ ‘ಟ್ಯಾಂಕುಗಳನ್ನು ಬರಿದು ಮಾಡುವುದು’ ಎಂದಷ್ಟೇ ಬರೆದರೆ, ನಿಷೇಧವು ಕಟ್ಟಿಸಿದ ಜಲಾಶಯಗಳಿಗೆ ಮಾತ್ರ ಎಂಬ ಅಪಾರ್ಥಕ್ಕೆ ಎಡೆಯಾಗುತ್ತದೆ. ಇಂದಿನ ಓದುಗನಾದರೋ ತೊಟ್ಟಿಯ ನೀರನ್ನು ಚೆಲ್ಲುವುದೆಂದೇ ತಿಳಿದಾನು. ಒಂದು ವ್ರತದ ವ್ಯಾಪ್ತಿಯು ಒಂದು ನಾಮಪದದ ಆಯ್ಕೆಯಿಂದ ಹಿಗ್ಗಬಹುದು, ಕುಗ್ಗಬಹುದು. ಇಂತಹ ಸ್ಥಳಗಳಲ್ಲಿ ಮೂರು ಶಬ್ದಗಳಿಗೆ ಮೂರು ಶಬ್ದಗಳನ್ನೇ ಕೊಡಬೇಕು.

೬. ದಾಖಲೆಯಲ್ಲಿ ನಾಮಪದದ ಬೆಲೆ

ಈ ಚರ್ಚೆ ಗ್ರಂಥಗಳಿಗಷ್ಟೇ ಸೀಮಿತವಲ್ಲ. ಕರ್ನಾಟಕದ ಜಲಾಶಯಗಳ ಸಂರಕ್ಷಣೆಗಾಗಿ ೨೦೧೪ರಲ್ಲಿ ಬಂದ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಲೇಕ್’ ಎಂಬ ಶಬ್ದವಿದ್ದಿತು. ಅನಂತರದ ತಿದ್ದುಪಡಿಯಿಂದ ಅದು ‘ಟ್ಯಾಂಕ್’ ಆಯಿತು. ಕನ್ನಡದಲ್ಲಿ ಪ್ರಾಧಿಕಾರದ ಹೆಸರು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ. ‘ಲೇಕ್’ ಎಂದರೂ ‘ಟ್ಯಾಂಕ್’ ಎಂದರೂ ಕನ್ನಡದಲ್ಲಿ ಕೆರೆಯೇ. ಆದರೆ ಈ ಕಾಯಿದೆಯ ಅರ್ಥನಿರೂಪಣೆಯ ಭಾಗದಲ್ಲಿ ಇಂಗ್ಲಿಷ್ ಶಬ್ದವೊಂದನ್ನೇ ನಂಬದೆ, ಕಂದಾಯ ದಾಖಲೆಗಳಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ನಮೂದಾಗಿರುವ ಜಲಾಶಯಗಳನ್ನು, ಅವುಗಳಲ್ಲಿ ನೀರಿರಲಿ ಇಲ್ಲದಿರಲಿ, ಸೇರಿಸಿಕೊಂಡಿದೆ. ದೇಶ್ಯ ಶಬ್ದಗಳಿಗೆ ಬದಲಿಯಾಗಿ ಒಂದು ಇಂಗ್ಲಿಷ್ ಶಬ್ದ ಸಾಲದೆಂಬುದನ್ನು ಕಾಯಿದೆಯನ್ನು ರಚಿಸಿದವರೂ ಮನಗಂಡರೆಂದಾಯಿತು.

ಅಂದಮೇಲೆ ಹಳೆಯ ದಾಖಲೆಯೊಂದರಲ್ಲಿ ‘ಕುಂಟೆ’ ಎಂಬ ಎರಡಕ್ಷರಗಳು ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಕುಂಟೆಯು ಬೇಸಗೆಯಲ್ಲಿ ಬರಿಯ ಬಯಲು. ನೀರಿಲ್ಲದ ತಿಂಗಳಲ್ಲಿ ನೋಡಿದವನಿಗೆ ಅದು ನಿವೇಶನಕ್ಕೆ ಯೋಗ್ಯವಾದ ನೆಲವೆಂದೇ ತೋರುತ್ತದೆ. ಅದು ಜಲಾಶಯವೆಂದು ಸಾರುವುದು ದಾಖಲೆಯ ನಾಮಪದ. ಕೈಗಾರಿಕೆಗಳೂ ಬಡಾವಣೆಗಳೂ ಬೆಳೆದ ಬೆಂಗಳೂರಿನ ಹೊರವಲಯದ ಅನೇಕ ಭಾಗಗಳಲ್ಲಿ ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ನೀರನ್ನು ಅವಲಂಬಿಸಬೇಕಾಯಿತು. ಕೆರೆ, ಕಟ್ಟೆ, ಕುಂಟೆಗಳ ಹೆಸರನ್ನು ಹೊತ್ತ ಊರುಗಳಿರುವ ನಗರಕ್ಕೆ ನೀರು ‘ಟ್ಯಾಂಕ್’ ಶಬ್ದದಿಂದಲೇ ಹುಟ್ಟಿದ ಹೆಸರಿನ ವಾಹನದಲ್ಲಿ ಬರಬೇಕಾದ ಸ್ಥಿತಿ ಚಿಂತನೀಯ.

ಹಸ್ತಪ್ರತಿಗಳ ಶೋಧನೆಯಲ್ಲಿ ತೊಡಗಿರುವವರಿಗೆ ಕಾವ್ಯ, ಆಗಮಗಳಷ್ಟೇ ಅಲ್ಲದೆ ಬಸದಿಗಳ ದತ್ತಿಪತ್ರಗಳೂ ಕಡತಗಳೂ ಸಿಗುತ್ತವೆ. ಅವುಗಳಲ್ಲಿ ಭ���ಮಿಯ ಎಲ್ಲೆಯನ್ನು ಹೇಳುವಾಗ ಮೂಡಲಿಗೆ ಕಟ್ಟೆ, ಪಡುವಲಿಗೆ ಕುಂಟೆ ಎಂಬಂತಹ ವಿವರಗಳಿದ್ದರೆ ಅವನ್ನು ಅಲ್ಪವೆಂದು ಬಿಡತಕ್ಕದ್ದಲ್ಲ.

೭. ಸೂಚಿಕಾರರಿಗೆ ಕೆಲವು ನಿಯಮಗಳು

ಮೇಲಿನ ವಿವೇಚನೆಯಿಂದ ಈ ಕೆಲವು ನಿಯಮಗಳು ಫಲಿಸುತ್ತವೆ. ಮೊದಲನೆಯದಾಗಿ, ಇಂಗ್ಲಿಷಿನಲ್ಲಿ ಸೂಚಿಯನ್ನು ಬರೆಯುವಾಗ ಮೂಲದ ನಾಮಪದವನ್ನು ಅದೇ ರೂಪದಲ್ಲಿ ಉಳಿಸಿ, ಅರ್ಥವನ್ನು ಪಕ್ಕದಲ್ಲಿ ಕೊಡಬೇಕು. ಎರಡನೆಯದಾಗಿ, ‘ಟ್ಯಾಂಕ್’ ಶಬ್ದವನ್ನು ಏರಿ, ತೂಬುಗಳುಳ್ಳ ಕೆರೆಗೆ ಮೀಸಲಿಡಬೇಕು. ಕೊಳ, ಕುಂಟೆಗಳಿಗೆ ‘ಪಾಂಡ್’, ಹ್ರದಕ್ಕೆ ‘ಲೇಕ್’ ಎಂಬುವನ್ನು ಬಳಸಬಹುದು. ದೊಣೆ, ಕಲ್ಯಾಣಿಗಳಿಗೆ ವಿವರಣೆಯನ್ನೇ ಕೊಡುವುದು ಲೇಸು. ಮೂರನೆಯದಾಗಿ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮೂಲಪಾಠವನ್ನು ನೋಡದೆ ‘ಕೆರೆ’ ಎಂದು ಬರೆಯಕೂಡದು. ನಾಲ್ಕನೆಯದಾಗಿ, ಸ್ಥಳನಾಮಗಳಲ್ಲಿ ಗೆರೆ, ಗೊಳ, ಗುಂಟೆ ಎಂಬ ರೂಪಗಳು ಬಂದಾಗ ಆದೇಶವನ್ನು ಬಿಡಿಸಿ ಉತ್ತರಪದವನ್ನು ನಿರ್ಣಯಿಸಬೇಕು; ಕ್ಷೇತ್ರಕಾರ್ಯದಲ್ಲಿ ಆ ಹೆಸರಿನ ಜಲಾಶಯ ಗ್ರಾಮನಕ್ಷೆಯಲ್ಲಿ ಎಲ್ಲಿದೆಯೆಂಬುದನ್ನು ಗುರುತಿಸಿ ಬರೆದಿಡಬೇಕು.

ಬಾಗಲಗುಂಟೆಯ ‘ಗುಂಟೆ’ಯನ್ನು ಅಳತೆಯೆಂದು ಬಗೆದರೆ ಆ ಹೆಸರಿನಲ್ಲಿ ನೆಲವಷ್ಟೇ ಕಾಣುತ್ತದೆ, ಕುಂಟೆಯೆಂದು ತಿಳಿದರೆ ಅಲ್ಲಿ ನೀರು ನಿಂತ ಕಾಲವೊಂದು ಇದ್ದಿತೆಂದು ತಿಳಿಯುತ್ತದೆ. ಗ್ರಂಥಸಂಪಾದಕನು ಪಾಠವನ್ನು ಆರಿಸುವಾಗ ತೋರುವ ಎಚ್ಚರವನ್ನೇ ಇಂತಹ ಸಾಮಾನ್ಯ ನಾಮಪದಗಳ ವಿಷಯದಲ್ಲಿಯೂ ತೋರುವುದು ಅವಶ್ಯಕ.